ಸಂದು

ನಮ್ಮಂಥ ಊರುಗಳಲ್ಲಿ ಹೊಸ ಮನೆ ಕಟ್ಟುವವರಿಗಿಂತ ಇದ್ದ ಮನೆಗೆ ಒಂದು ಕೋಣೆ ಸೇರಿಸುವವರೇ ಹೆಚ್ಚು. ಮಗನ ಮದುವೆ ಗೊತ್ತಾಯಿತೆಂದರೆ ಒಂದು ಕೋಣೆ, ಮಗಳು ಬಾಣಂತನಕ್ಕೆ ಬರುತ್ತಾಳೆಂದರೆ ಒಂದು ಬಚ್ಚಲುಮನೆ, ಅತ್ತೆ ಮಾವನವರಿಗೆ ಮೆಟ್ಟಿಲು ಹತ್ತಲಾಗದೆಂದರೆ ಹಿತ್ತಲ ಕಡೆಗೆ ಒಂದು ಸಣ್ಣ ರೂಮು. ಹೀಗೆ ಸೇರಿಸುತ್ತ ಸೇರಿಸುತ್ತ, ಮನೆ ಕಟ್ಟಿಸಿದ ಅಜ್ಜನೇ ಎದ್ದು ಬಂದರೂ ತಲೆಬಾಗಿಲೆಲ್ಲಿ ಎಂದು ಹುಡುಕಬೇಕು, ಹಾಗಾಗಿರುತ್ತದೆ. ಇಂಥ ಮನೆಯಲ್ಲಿ ಸಂಸಾರ ಮಾಡುವ ಹೆಂಗಸರನ್ನು ಕೇಳಿ ನೋಡಿ. ಸೋರುವುದು ಹಳೆಯ ಹೆಂಚಿನ ಕೆಳಗೂ ಅಲ್ಲ, ಹೊಸ ತಾರಸಿಯ ಕೆಳಗೂ ಅಲ್ಲ. ಎರಡೂ ಸೇರುವ ಕಡೆ. ಮಳೆಗಾಲದಲ್ಲಿ ಬಕೆಟ್ಟು ಇಡುವುದು ಅಲ್ಲಿ, ಗೋಡೆ ಬಿರುಕು ಬಿಡುವುದು ಅಲ್ಲಿ, ಬಂದ ನೆಂಟರು ಎಡವುವುದೂ ಅಲ್ಲಿಯೇ. ಹಳೆಯ ನೆಲಕ್ಕೂ ಹೊಸ ನೆಲಕ್ಕೂ ಎರಡಂಗುಲ ಹೆಚ್ಚುಕಡಿಮೆಯಾದರೆ ಸಾಕು, ಕಾಫಿ ಲೋಟ ಹಿಡಿದು ಬರುವವಳಿಗೆ ಜೀವಮಾನವಿಡೀ ಅದೊಂದು ಪರೀಕ್ಷೆ.

ನಮ್ಮ ಮನೆಗೂ ಹೀಗೊಂದು ಕೋಣೆ ಸೇರಿದೆ. ಅದನ್ನು ಕಟ್ಟಿದ ಮೇಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಹೊಸ ಗೋಡೆಯನ್ನು ಹಳೆಯ ಗೋಡೆಗೆ ಕಚ್ಚಿಸಿ ಕಟ್ಟಿಬಿಡಿ ಎಂದು ನಮ್ಮವರು ಹೇಳಿದರೆ ಅವರು ತಲೆ ಅಲ್ಲಾಡಿಸಿದರು. "ಬ್ಯಾಡಿ ಸಾಮಿ. ಹಳೇ ಗೋಡೆ ಕೂರೋವಷ್ಟು ಕೂತಾಗದೆ. ಹೊಸದು ಇನ್ನು ಮ್ಯಾಲೆ ಕೂರ್ಬೇಕು. ಕಚ್ಚಿಸಿದ್ರೆ ಹಳೇದನ್ನೂ ಎಳೀತದೆ. ಒಂದು ಸಂದು ಬುಡಬೇಕು" ಎಂದರು. ಅಂದು ಅದು ಕಟ್ಟಡದ ಮಾತೆಂದು ಕೇಳಿ ಸುಮ್ಮನಾಗಿದ್ದೆ. ಸಂದು ಎನ್ನುವುದು ಸಂಧಿ ಎಂಬುದರ ತದ್ಭವ ಎಂದು ಮೂವತ್ತು ವರ್ಷದಿಂದ ಮಕ್ಕಳಿಗೆ ಹೇಳಿಕೊಡುತ್ತ ಬಂದವಳು ನಾನು. ಆದರೆ ಆ ಎರಡಕ್ಷರದ ಪದದೊಳಗೆ ಎಷ್ಟು ಜಾಗವಿದೆ ಎಂದು ಗೊತ್ತಾದದ್ದು ನನ್ನ ತಂಗಿಯ ಮಗಳು ತನ್ನ ನಕ್ಷೆಗಳ ಸುರುಳಿ ಹೊತ್ತುಕೊಂಡು ನಮ್ಮ ಮನೆಗೆ ಬಂದಾಗ.

ಅವಳು ವಾಸ್ತುಶಿಲ್ಪ ಓದುತ್ತಿದ್ದಳು. ವಾಸ್ತು ಎಂದೊಡನೆ ಅಕ್ಕಪಕ್ಕದವರು ನಮ್ಮ ಅಡಿಗೆಮನೆ ಆಗ್ನೇಯಕ್ಕಿಲ್ಲವಲ್ಲ ಎಂದು ಕೇಳಲು ಬಂದರು. ಅದಲ್ಲ, ಆರ್ಕಿಟೆಕ್ಚರ್ ಎಂದು ಬಿಡಿಸಿ ಹೇಳುವುದರಲ್ಲೇ ಅವಳಿಗೆ ಸಾಕಾಯಿತು. ಐದನೆಯ ವರ್ಷದ ಕೊನೆಗೆ ಪ್ರತಿಯೊಬ್ಬರೂ ಒಂದು ದೊಡ್ಡ ಕಟ್ಟಡವನ್ನು ತಾವೇ ಯೋಚಿಸಿ ಬರೆಯಬೇಕಂತೆ. ಇವಳು ಆರಿಸಿಕೊಂಡದ್ದು ಹಳೆಯ ಬಂಗಲೆಯೊಂದರಲ್ಲಿ ನಡೆಯುವ ವಸ್ತುಸಂಗ್ರಹಾಲಯ. ಅದಕ್ಕೆ ಹೊಸದೊಂದು ಭಾಗ ಸೇರಿಸಬೇಕು, ಹಳೆಯದೂ ಹೊಸದೂ ಒಂದೇ ಎಂಬಂತೆ ಜನ ಓಡಾಡಬೇಕು. "ಅಷ್ಟೇನಾ? ನಮ್ಮೂರಲ್ಲಿ ಮೇಸ್ತ್ರಿಗಳು ದಿನಾ ಮಾಡ್ತಾರಲ್ಲೇ" ಎಂದೆ. ಅವಳು ನಕ್ಕು, "ಎರಡು ತಿಂಗಳು ನಿಮ್ಮನೇಲೇ ಇರ್ತೀನಿ ದೊಡ್ಡಮ್ಮಾ, ನೀವೇ ನೋಡಿ" ಎಂದಳು. ನಮ್ಮ ಊಟದ ಮೇಜು ಅವಳ ಪಾಲಾಯಿತು. ನಾವು ಗಂಡ ಹೆಂಡತಿ ಎರಡು ತಿಂಗಳು ನೆಲದ ಮೇಲೆ ಕೂತು ಉಂಡೆವು. ಮೊಣಕಾಲಿಗೆ ಒಳ್ಳೆಯದೇ ಆಯಿತು.

ಇದ್ದ ಬಂಗಲೆ ಅಷ್ಟು ಚೆನ್ನಾಗಿರುವಾಗ ಹೊಸದೇಕೆ ಎಂದು ನನಗೆ ಮೊದಲು ಅನ್ನಿಸಿತ್ತು. ಅವಳು ಒಂದೊಂದಾಗಿ ಹೇಳಿದಳು. ಬಂಗಲೆ ಕಟ್ಟಿದವರು ಗಾಳಿ ಬೆಳಕು ಧಾರಾಳವಾಗಿ ಬರಲೆಂದು ಕಟ್ಟಿದ್ದು. ಕಲ್ಲಿನ ವಿಗ್ರಹಕ್ಕೆ, ವೀರಗಲ್ಲಿಗೆ ಅದು ಸರಿ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 1877ರ ಕೆಂಪು ಕಟ್ಟಡದ ಸರ್ಕಾರಿ ಸಂಗ್ರಹಾಲಯಕ್ಕೆ ಎಷ್ಟೋ ಸಲ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಅಲ್ಲಿಯ ಆತಕೂರಿನ ಶಾಸನದ ಮುಂದೆ ಮಕ್ಕಳು ನಿಂತುಬಿಡುತ್ತಾರೆ. ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗಾಗಿ ಕ್ರಿ.ಶ. 949ರ ಸುಮಾರಿಗೆ ನಿಲ್ಲಿಸಿದ ಕಲ್ಲು ಅದು. ಸಾವಿರ ವರ್ಷ ಬಿಸಿಲು ಮಳೆ ಕಂಡ ಕಲ್ಲಿಗೆ ಕಿಟಕಿಯ ಬೆಳಕು ಏನು ಮಾಡೀತು? ಆದರೆ ಕಾಗದದ ಮೇಲಿನ ಚಿತ್ರ, ಹಳೆಯ ಬಟ್ಟೆ, ಕೈಬರಹದ ಪುಸ್ತಕ ಹಾಗಲ್ಲ. ಅವಕ್ಕೆ ಬೆಳಕು 50 ಲಕ್ಸ್ ದಾಟಬಾರದಂತೆ. ಅಂದರೆ ನಾವು ಪತ್ರಿಕೆ ಓದಲು ಹಾಕಿಕೊಳ್ಳುವ ದೀಪಕ್ಕಿಂತ ಎಷ್ಟೋ ಮಂದ. ಹವೆಯ ತೇವವೂ ದಿನಕ್ಕೊಂದು ಥರ ಏರಿಳಿಯಬಾರದು. ಇದನ್ನು ಅರ್ಥಮಾಡಿಕೊಳ್ಳಲು ನಮಗೆ ಪಾಠ ಬೇಕಿಲ್ಲ. ಮದುವೆಯ ರೇಷ್ಮೆ ಸೀರೆಯನ್ನು ಬಿಸಿಲು ತಾಕದ ಹಾಗೆ ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ತೆಗೆದು ಮಡಿಕೆ ಬದಲಾಯಿಸಿ ಇಡುವವರು ನಾವೇ ತಾನೆ?

ಇನ್ನೂ ಇದೆ. ನೂರಾರು ಜನ ಬಂದರೆ ಶೌಚಾಲಯ ಬೇಕು. ಬೆಂಕಿ ಬಿದ್ದರೆ ಇಳಿಯಲು ಇನ್ನೊಂದು ಮೆಟ್ಟಿಲು ಬೇಕು. ದೊಡ್ಡ ಚಿತ್ರದ ಪೆಟ್ಟಿಗೆ ಇಳಿಸಲು ಲಾರಿ ನಿಲ್ಲುವ ಜಾಗ, ಅದು ಹಿಡಿಸುವ ಬಾಗಿಲು ಬೇಕು. ಲಿಫ್ಟು ಬೇಕು. ಪುಸ್ತಕದ ಕಪಾಟುಗಳ ಭಾರ ಹೊರುವ ನೆಲ ಬೇಕು. ಇವನ್ನೆಲ್ಲ ಹಳೆಯ ಬಂಗಲೆಯೊಳಗೇ ತುರುಕಿದರೆ ಬಂಗಲೆ ಉಳಿಯುವುದಿಲ್ಲ. ಅದು ತನ್ನಷ್ಟಕ್ಕೆ ತಾನು ನೆಮ್ಮದಿಯಾಗಿರಲಿ ಎಂದೇ ಹೊಸ ಭಾಗ ಬೇಕು. ಮುದುಕಿ ಅತ್ತೆಯ ತಲೆಯ ಮೇಲೆ ಮನೆಗೆಲಸವನ್ನೆಲ್ಲ ಹೊರಿಸದೆ ಇರುವ ಹಾಗೆ ಇದು ಎಂದು ನನಗೆ ನಾನೇ ಹೇಳಿಕೊಂಡೆ.

ಅವಳ ಮೊದಲ ನಕ್ಷೆ ನನಗೆ ಬಹಳ ಇಷ್ಟವಾಗಿತ್ತು. ಹಳೆಯ ಬಂಗಲೆಯದೇ ಕಮಾನು, ಅದೇ ಕಂಬ, ಅದೇ ಬಣ್ಣ. ಪಕ್ಕದಲ್ಲಿ ಇಟ್ಟರೆ ಅವಳಿಜವಳಿ. ಕಾಲೇಜಿಗೆ ಕಳಿಸಿದರೆ ಅವಳ ಗುರುಗಳು ಅಡ್ಡಗೆರೆ ಎಳೆದು ಕಳಿಸಿದರು. ಹಳೆಯದರ ವೇಷ ಹಾಕಿದ ಹೊಸದು ನೋಡುವವರಿಗೆ ಸುಳ್ಳು ಹೇಳುತ್ತದೆ ಎಂದು ಅವರ ವಾದ. ಸ್ಮಾರಕಗಳನ್ನು ಕಾಪಾಡುವ ಬಗ್ಗೆ 1964ರಲ್ಲಿ ವೆನಿಸ್‌ನಲ್ಲಿ ಪರಿಣತರು ಸೇರಿ ಒಪ್ಪಿಕೊಂಡ ಸನ್ನದಿನಲ್ಲೂ ಇದೇ ತತ್ವವಿದೆಯಂತೆ: ಹಳೆಯದಕ್ಕೆ ಅನಿವಾರ್ಯವಾಗಿ ಏನನ್ನಾದರೂ ಸೇರಿಸಬೇಕಾದರೆ ಅದು ಬೇರೆಯಾಗಿ ಕಾಣಬೇಕು, ಈ ಕಾಲದ್ದೆಂದು ಗೊತ್ತಾಗಬೇಕು.

ಹುಡುಗಿ ಮುಖ ಸಣ್ಣ ಮಾಡಿಕೊಂಡಳು. ಆದರೆ ಅವಳೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಕಥೆ ಹೇಳಿದಳು. ಅಲ್ಲಿ 1857ರ ಗುಂಡನೆಯ ವಾಚನಾಲಯದ ಸುತ್ತ ಒಂದು ಅಂಗಳವಿತ್ತು. ಪುಸ್ತಕದ ಗೋದಾಮುಗಳು ತುಂಬಿ ಜನರ ಕಣ್ಣಿಗೇ ಬೀಳುತ್ತಿರಲಿಲ್ಲ. ನಾರ್ಮನ್ ಫಾಸ್ಟರ್ ಅವರ ಸಂಸ್ಥೆ ಅದನ್ನೆಲ್ಲ ತೆರವು ಮಾಡಿ, ಅಂಗಳದ ಮೇಲೆ ಗಾಜಿನ ಚಾವಣಿ ಹೊದಿಸಿತು. 2000ದಲ್ಲಿ ಅದು ತೆರೆಯಿತು. ಚಾವಣಿಯಲ್ಲಿ 3,312 ಗಾಜಿನ ತುಂಡುಗಳು, ಒಂದರ ಹಾಗೆ ಇನ್ನೊಂದಿಲ್ಲ. ಅಂಥ ಸಾಹಸದ ಕೆಲಸದಲ್ಲಿ ಜಗಳವಾದದ್ದು ಗಾಜಿಗಲ್ಲ, ಕಲ್ಲಿಗೆ. ಎಂದೋ ಕೆಡವಿದ್ದ ದಕ್ಷಿಣದ ಮುಖಮಂಟಪವನ್ನು ಹಳೆಯದರಂತೆಯೇ ಮತ್ತೆ ಕಟ್ಟಬೇಕಿತ್ತು. ಇಂಗ್ಲೆಂಡಿನ ಪೋರ್ಟ್‌ಲೆಂಡ್ ಕಲ್ಲು ಹಾಕಬೇಕಾದ ಕಡೆ ಫ್ರಾನ್ಸಿನ ಕಲ್ಲು ಬಂದು ಕೂತಿತು. ಮೂರು ಬದಿಯ ಗೋಡೆಗಳು ಒಂದು ಬಣ್ಣ, ಇದೊಂದು ಬೆಳ್ಳಗೆ. ಪತ್ರಿಕೆಗಳಲ್ಲಿ ದೊಡ್ಡ ಗಲಾಟೆಯಾಯಿತು. ನನಗೆ ನಗು ಬಂತು. ಜರಿ ಸೀರೆಗೆ ಹೊಂದುವ ರವಿಕೆ ಬಟ್ಟೆ ತರಲು ಹೋಗಿ, ಅಂಗಡಿಯ ದೀಪದಲ್ಲಿ ಒಂದೇ ಎನ್ನಿಸಿದ್ದು ಮನೆಯ ಬೆಳಕಿನಲ್ಲಿ ಬೇರೆಯಾಗಿ ಕಾಣುವುದಿಲ್ಲವೇ? ಅದಕ್ಕಿಂತ ಬೇರೆ ಬಣ್ಣದ ರವಿಕೆಯನ್ನೇ ಧೈರ್ಯವಾಗಿ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ.

ಎರಡನೆಯ ನಕ್ಷೆಯಲ್ಲಿ ಅವಳು ಧೈರ್ಯ ಮಾಡಿದಳು, ಸ್ವಲ್ಪ ಹೆಚ್ಚೇ ಮಾಡಿದಳು. ಬಂಗಲೆಯ ಹಿಂಬದಿಯ ಜಗಲಿ ಕಿತ್ತು, ಗೋಡೆ ಒಡೆದು, ನಾಲ್ಕು ಅಂತಸ್ತಿನ ಗಾಜಿನ ಕಟ್ಟಡ. ಅದರ ಮುಂದೆ ಬಂಗಲೆ ದೊಡ್ಡವರ ಫೋಟೋದಲ್ಲಿ ಅಂಚಿಗೆ ನಿಂತ ಬಡ ನೆಂಟನ ಹಾಗೆ ಕಾಣುತ್ತಿತ್ತು. ಇದಕ್ಕೂ ಅಡ್ಡಗೆರೆ ಬಂತು. ಆಗ ಅವಳು ಪ್ಯಾರಿಸ್ಸಿನ ಲೂವ್ರ್ ತೋರಿಸಿ, "ಅಲ್ಲಿ ಗಾಜು ಹಾಕಿದ್ರೆ ಜಗತ್ತೇ ಹೊಗಳುತ್ತೆ, ನಾನು ಹಾಕಿದ್ರೆ ತಪ್ಪಾ?" ಎಂದು ಅತ್ತಳು. ಇಬ್ಬರೂ ಕೂತು ಆ ಚಿತ್ರಗಳನ್ನು ಸಾವಧಾನವಾಗಿ ನೋಡಿದೆವು. ಅರಮನೆಯ ಅಂಗಳದ ನಡುವೆ ಗಾಜಿನ ಪಿರಮಿಡ್ಡು, ಬರೆದವರು ಐ. ಎಂ. ಪೇ, ತೆರೆದದ್ದು 1989ರಲ್ಲಿ. ಮೊದಮೊದಲು ಫ್ರೆಂಚರು ಹೊಗಳಿದ್ದೇನಲ್ಲ, ವರ್ಷಗಟ್ಟಲೆ ಬೈದರು. ಎತ್ತರ ಸುಮಾರು 21 ಮೀಟರ್. ಸುತ್ತಲಿನ ಅರಮನೆಗಿಂತ ಅದು ತಲೆ ಎತ್ತಿಲ್ಲ. ಸಾಮಾನ್ಯ ಗಾಜಿನಲ್ಲಿ ಒಂದು ಹಸಿರು ಛಾಯೆ ಇರುತ್ತದಲ್ಲ, ಅದರ ಮೂಲಕ ಅರಮನೆಯ ಕಲ್ಲು ಹಸಿರಾಗಿ ಕಾಣಬಾರದೆಂದು ಬಣ್ಣವಿಲ್ಲದ ಗಾಜನ್ನು ಅದಕ್ಕಾಗಿಯೇ ಮಾಡಿಸಿದರು. ನಿಜವಾದ ವಿಸ್ತರಣೆಯೆಲ್ಲ ನೆಲದ ಕೆಳಗಿದೆ. ಉದ್ದಕ್ಕೆ ಚಾಚಿಕೊಂಡ ಆ ಅರಮನೆಯಲ್ಲಿ ಎಲ್ಲಿಂದ ಹೊಕ್ಕು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತಿದ್ದ ಜನ ಈಗ ಅಂಗಳದ ನಡುವೆ ಇಳಿದು, ಅಲ್ಲಿಂದ ಬೇಕಾದ ದಿಕ್ಕಿಗೆ ಹೋಗುತ್ತಾರೆ. "ಗಾಜು ಹಾಕಿದ್ದು ದೊಡ್ಡದಲ್ಲ ಕಣೇ, ಅರಮನೇನ ಕಾಣೋಕೆ ಬಿಟ್ಟಿದ್ದು ದೊಡ್ಡದು" ಎಂದೆ. ಅವಳು ಕಣ್ಣೊರೆಸಿಕೊಂಡು ಅದನ್ನೇ ಬರೆದಿಟ್ಟುಕೊಂಡಳು.

ಆ ರಾತ್ರಿ ನಾನು ಅವಳಿಗೆ ಎಂಟನೆಯ ತರಗತಿಯ ವ್ಯಾಕರಣ ಹೇಳಿದೆ. ಊರು, ಅಲ್ಲಿ ಎರಡೂ ಸೇರಿದರೆ ಊರಲ್ಲಿ. ಹಿಂದಿನ ಪದದ ಕೊನೆಯ ಸ್ವರ ಹೋಯಿತು, ಅದು ಲೋಪ. ನಿನ್ನ ಎರಡನೆಯ ನಕ್ಷೆ ಹೀಗೆ, ಬಂಗಲೆಯ ಜಗಲಿಯೇ ಹೋಯಿತು. ಮಳೆ, ಕಾಲ ಸೇರಿದರೆ ಮಳೆಗಾಲ. ಬಂದ ಪದವೇ ತನ್ನ ಕಕಾರ ಬಿಟ್ಟು ಗಕಾರದ ವೇಷ ಹಾಕಿತು, ಅದು ಆದೇಶ. ನಿನ್ನ ಮೊದಲ ನಕ್ಷೆ ಹಾಗೆ. ಇನ್ನು ಮನೆ, ಅಲ್ಲಿ ಸೇರಿದರೆ ಮನೆಯಲ್ಲಿ. ಇಲ್ಲಿ ಮನೆಯೂ ಪೂರ್ತಿ ಉಳಿಯಿತು, ಅಲ್ಲಿಯೂ ಪೂರ್ತಿ ಉಳಿಯಿತು. ನಡುವೆ ಒಂದು ಯಕಾರ ಬಂತು. ಅದು ಇದರದೂ ಅಲ್ಲ, ಅದರದೂ ಅಲ್ಲ. ಆದರೆ ಅದಿಲ್ಲದೆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಲಾಗದು. ಅದು ಆಗಮ. "ನಿನ್ನ ಯಕಾರ ಎಲ್ಲಿದೆ ಹುಡುಕು" ಎಂದು ಹೇಳಿ ಮಲಗಿದೆ. ನಾನು ಎದ್ದಾಗಲೂ ಅವಳ ಮೇಜಿನ ದೀಪ ಉರಿಯುತ್ತಿತ್ತು.

ಅವಳು ಹುಡುಕಿ ತೆಗೆದದ್ದು ಇಟಲಿಯ ವೆರೋನಾ ಊರಿನ ಕಾಸ್ಟೆಲ್‌ವೆಕಿಯೊ ಎಂಬ ಕೋಟೆ. ಹದಿನಾಲ್ಕನೆಯ ಶತಮಾನದ್ದು. ನೆಪೋಲಿಯನ್ನನ ಕಾಲದಲ್ಲಿ ಅದರ ಅಂಗಳದಲ್ಲಿ ಸೈನಿಕರ ವಸತಿಯ ಕಟ್ಟಡ ಎದ್ದಿತು. ಆಮೇಲೆ ಅದೆಲ್ಲ ಸಂಗ್ರಹಾಲಯವಾಯಿತು. 1957ರಿಂದ ಮುಂದಕ್ಕೆ ಕಾರ್ಲೊ ಸ್ಕಾರ್ಪಾ ಎಂಬ ವಾಸ್ತುಶಿಲ್ಪಿ ಅದನ್ನು ಸರಿಪಡಿಸಲು ಹೊರಟರು. ಅವರು ಹಾಕಿಸಿದ ಹೊಸ ನೆಲ ಹಳೆಯ ಗೋಡೆಗೆ ತಾಕುವುದೇ ಇಲ್ಲ! ಸುತ್ತಲೂ ಸ್ವಲ್ಪ ಸಂದು ಬಿಟ್ಟು, ಹಾಸಿದ ಜಮಖಾನದ ಹಾಗೆ ನಿಂತಿದೆ. ಗೋಡೆ ಗೋಡೆಯಾಗಿ ನೆಲದೊಳಕ್ಕೆ ಇಳಿಯುವುದು ಕಾಣುತ್ತದೆ. ಅದಕ್ಕಿಂತ ಹೆಚ್ಚಿನದು ಇನ್ನೊಂದು. ಹಳೆಯ ಕೋಟೆಯ ಭಾಗವೂ ನಂತರದ ಸೈನಿಕರ ಕಟ್ಟಡವೂ ಸೇರುವ ಕಡೆ, ಸೈನಿಕರ ಕಟ್ಟಡದ ಒಂದು ಅಂಕಣವನ್ನೇ ಅವರು ಬಿಚ್ಚಿ ತೆರವು ಮಾಡಿಬಿಟ್ಟರು. ಆ ಸಂದಿನಲ್ಲಿ ಗಾಳಿ ಬೆಳಕು ಆಡುತ್ತದೆ. ಆ ಊರಿನ ಅತಿ ಪ್ರೀತಿಯ ವಿಗ್ರಹ, ಕುದುರೆಯ ಮೇಲೆ ಕೂತ ಕಾಂಗ್ರಾಂದೆ ದೊರೆಯ ಕಲ್ಲಿನ ಪ್ರತಿಮೆ, ಅದನ್ನು ತಂದು ಆ ಸಂದಿನಲ್ಲೇ, ಎತ್ತರದಲ್ಲಿ ಕಾಂಕ್ರೀಟಿನ ಚಾಚಿನ ಮೇಲೆ ನಿಲ್ಲಿಸಿದರು. ಕೆಳಗಿನ ಅಂಗಳದಿಂದ ನೋಡಬಹುದು, ಮೇಲಿನ ಸೇತುವೆಯ ಹಾದಿಯಿಂದ ಹತ್ತಿರ ಹೋಗಿ ನೋಡಬಹುದು. ಹಳೆಯದರಿಂದ ಹೊಸದಕ್ಕೆ ಹೋಗುವವರೆಲ್ಲ ಅವನನ್ನು ಸುತ್ತಿಕೊಂಡೇ ಹೋಗಬೇಕು. ನಾವಾದರೆ ಸಂದಿನಲ್ಲಿ ಪೊರಕೆ ಇಡುತ್ತೇವೆ, ಮುರಿದ ಕುರ್ಚಿ ಇಡುತ್ತೇವೆ. ಅವರು ದೊರೆಯನ್ನೇ ಇಟ್ಟರು.

ಸಂದನ್ನು ಮುಚ್ಚಿಡುವುದೂ ಒಂದು ಕಲೆಯೇ. ಬರ್ಲಿನ್ನಿನ ಯಹೂದಿ ಸಂಗ್ರಹಾಲಯದಲ್ಲಿ ಹದಿನೆಂಟನೆಯ ಶತಮಾನದ ಹಳದಿ ಕಟ್ಟಡವೂ 2001ರಲ್ಲಿ ಜನರಿಗೆ ತೆರೆದ, ಮಿಂಚಿನಂತೆ ಅಂಕುಡೊಂಕಾದ ಲೋಹದ ಹೊದಿಕೆಯ ಕಟ್ಟಡವೂ ಅಕ್ಕಪಕ್ಕ ನಿಂತಿವೆ. ಹೊರಗೆ ನೋಡಿದರೆ ಮುಖ ಕೊಟ್ಟು ಮಾತಾಡದ ದಾಯಾದಿಗಳು. ಹೊಸದಕ್ಕೆ ಬಾಗಿಲೇ ಇಲ್ಲ. ಹಳೆಯದರೊಳಗೆ ಹೋಗಿ, ಮೆಟ್ಟಿಲಿಳಿದು, ನೆಲದಡಿಯ ಹಾದಿಯಲ್ಲೇ ಅಲ್ಲಿಗೆ ಸೇರಬೇಕು. ಜರ್ಮನಿಯಲ್ಲಿ ಯಹೂದಿಗಳಿಗೆ ಆದದ್ದನ್ನು ನೆನೆದರೆ ಮೇಲೆ ಸಲೀಸಾಗಿ ಒಂದು ಸೇತುವೆ ಕಟ್ಟುವುದು ಸುಳ್ಳಾಗುತ್ತಿತ್ತು. ಡೇನಿಯಲ್ ಲಿಬೆಸ್ಕಿಂಡ್ ಅದನ್ನು ಅರಿತೇ ಹಾಗೆ ಮಾಡಿದರಂತೆ. ಸಂಧಿಯಾಗಬೇಕಾದ ಕಡೆ ಆಗದೆ ನಿಲ್ಲುವುದನ್ನು ನಾವು ಪ್ರಕೃತಿಭಾವ ಎನ್ನುತ್ತೇವೆ. ಮೇಲೆ ಪ್ರಕೃತಿಭಾವ, ಕೆಳಗೆ ಸಂಧಿ!

ಇಷ್ಟೆಲ್ಲ ಚಿತ್ರದಲ್ಲೇ ನೋಡಿದ್ದು ಸಾಕೆಂದು, ಒಂದು ಶನಿವಾರ ಬೆಳಗಿನ ರೈಲಿಗೆ ಇಬ್ಬರೂ ಬೆಂಗಳೂರಿಗೆ ಹೋದೆವು. ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ. ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳಿಂದ ಸಿರಿವಂತರಾದ ರಾಜಾ ಮಾಣಿಕ್ಯವೇಲು ಮೊದಲಿಯಾರರು ಮೈಸೂರು ಯುವರಾಜರ ಕುಟುಂಬದಿಂದ ಅದನ್ನು ಮೊದಲು ಬಾಡಿಗೆಗೆ ಹಿಡಿದು, ಆಮೇಲೆ ಕೊಂಡುಕೊಂಡರು. ಸಿರಿ ಇಳಿದ ಮೇಲೆ ಬಂಗಲೆ ಹರಾಜಾಗಿ, ಕೈಯಿಂದ ಕೈಗೆ ಹೋಗಿ, ಕೊನೆಗೆ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಯಿತು. ದೆಹಲಿ, ಮುಂಬಯಿಗಳ ನಂತರ ಮೂರನೆಯದು ಇದು. 2009ರ ಫೆಬ್ರವರಿ 18ರಂದು ಪ್ರಾರಂಭವಾಯಿತು. ಸುಮಾರು ಮೂರೂವರೆ ಎಕರೆ ಜಾಗ, ತುಂಬ ದೊಡ್ಡ ದೊಡ್ಡ ಮರಗಳು. ಬಂಗಲೆಗೆ 1,260 ಚದರ ಮೀಟರಿನ ಹೊಸ ಭಾಗವನ್ನು ಸೇರಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಮೂವತ್ತು ನಲವತ್ತರ ಹನ್ನೊಂದು ಸೈಟುಗಳಷ್ಟು.

ಗೇಟಿನಿಂದ ಒಳಗೆ ಬಂದವರಿಗೆ ಕಾಣುವುದು ಹಳೆಯ ಬಂಗಲೆಯೇ. ಅದರ ಕೋಣೆಗಳು ಮನೆಯ ಕೋಣೆಗಳು; ಯಾರೋ ಮಲಗುತ್ತಿದ್ದ, ಯಾರೋ ತಲೆ ಬಾಚಿಕೊಳ್ಳುತ್ತಿದ್ದ ಕೋಣೆಗಳು ಎಂದು ಅಳತೆಯಲ್ಲೇ ಗೊತ್ತಾಗುತ್ತದೆ. ಅಲ್ಲಿ ಚಿತ್ರವನ್ನು ಹತ್ತಿರದಿಂದ, ಪಿಸುಮಾತಿನಲ್ಲಿ ನೋಡಬೇಕು. ಆಮೇಲೆ ಹೊಸ ಭಾಗಕ್ಕೆ ಹೋಗುವ ಹಾದಿ. ಅಲ್ಲಿ ಹೊರಗಿನ ಬೆಳಕು ಕಣ್ಣಿಗೆ ಬೀಳುತ್ತದೆ, ಮರಗಳು ಕಾಣುತ್ತವೆ. ಆಮೇಲೆ ಎತ್ತರದ, ಅಗಲದ ಹೊಸ ಅಂಕಣಗಳು. ಅಲ್ಲಿ ದೊಡ್ಡ ಚಿತ್ರವನ್ನು ಹತ್ತು ಹೆಜ್ಜೆ ಹಿಂದೆ ಸರಿದು ನೋಡಬಹುದು. ಹುಡುಗಿ ಟೇಪು ಹಿಡಿದು ಅಳೆಯುತ್ತಿದ್ದರೆ ನಾನು ಆ ನಡುವಿನ ಹಾದಿಯಲ್ಲಿ ನಿಂತು ಹೋಗಿಬರುವವರನ್ನು ನೋಡುತ್ತಿದ್ದೆ. ಎಲ್ಲರೂ ಅಲ್ಲಿ ಒಂದು ಕ್ಷಣ ನಿಧಾನ ಮಾಡುತ್ತಿದ್ದರು. ಒಬ್ಬ ತಾಯಿ ಮಗುವಿಗೆ ನೀರು ಕುಡಿಸಿದಳು. ಇಬ್ಬರು ಹುಡುಗರು ಆಗಷ್ಟೇ ನೋಡಿದ ಚಿತ್ರದ ಬಗ್ಗೆ ವಾದ ಮಾಡಿದರು. ಕಣ್ಣಿಗೂ ಮನಸ್ಸಿಗೂ ಒಂದು ಬಿಡುವು ಬೇಕು. ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ದಾಟುವವರಿಗೆ ಹೊಸ್ತಿಲು ಬೇಕು. ಇದನ್ನೇ ಅವಳಿಗೆ ಹೇಳಿದೆ. "ಬರೀ ಹಾದಿ ಬರೀಬೇಡ ಮಗಳೇ. ಕೂರೋಕೆ ಒಂದು ಕಟ್ಟೆ ಬರಿ."

ಮೂರನೆಯ ನಕ್ಷೆಯಲ್ಲಿ ಬಂಗಲೆಯ ಒಂದು ಇಟ್ಟಿಗೆಯನ್ನೂ ಅವಳು ಮುಟ್ಟಲಿಲ್ಲ. ಹಿಂದಿನ ಜಗಲಿಗೆ ಮೊದಲೇ ಇದ್ದ ಬಾಗಿಲೇ ದಾರಿಯಾಯಿತು. ಹೊಸ ಕಟ್ಟಡ ಇಪ್ಪತ್ತಡಿ ದೂರ ಸರಿದು, ಬಂಗಲೆಯ ಸೂರಿಗಿಂತ ಕೆಳಗೆ ತಲೆ ಬಾಗಿಸಿ ನಿಂತಿತು. ಅದರ ಪಾಯ ಬೇರೆ, ಭಾರ ಬೇರೆ. ನಡುವೆ ಉಕ್ಕು ಗಾಜುಗಳ ಹಗುರ ಮೊಗಸಾಲೆ. ಅದು ತನ್ನ ಕಂಬದ ಮೇಲೆ ತಾನು ನಿಂತು, ಹಳೆಯ ಗೋಡೆಯ ಹತ್ತಿರ ಹೋಗುತ್ತದೆಯೇ ಹೊರತು ಒರಗುವುದಿಲ್ಲ. ನಾಳೆ ಯಾರಿಗಾದರೂ ಬೇಡವೆನ್ನಿಸಿದರೆ ಬಿಚ್ಚಿ ತೆಗೆಯಬಹುದು, ಬಂಗಲೆಗೆ ಗಾಯವಾಗದು. ಹಳೆಯ ಗೋಡೆ ಗಾರೆಯದು. ಅದರ ಮೇಲೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲಾರದೆ ಗೋಡೆಯೇ ಪುಡಿಯಾಗುತ್ತದೆ, ಆದ್ದರಿಂದ ಸೇರುವ ಕಡೆ ಗಾರೆಯೇ ಇರಬೇಕೆಂದು ಕೆಂಪಕ್ಷರದಲ್ಲಿ ಬರೆದಳು. ಬಂಗಲೆಯ ಜಗಲಿ ನೆಲದಿಂದ ಎರಡೂವರೆ ಅಡಿ ಎತ್ತರ. ಗಾಲಿಕುರ್ಚಿಯವರು ಸಲೀಸಾಗಿ ಹೋಗಲು ಒಂದಡಿ ಏರಿಗೆ ಹನ್ನೆರಡಡಿ ಉದ್ದ ಬೇಕು. ಅಂದರೆ ಮೂವತ್ತಡಿ ಇಳಿಜಾರು, ನಡುವೆ ಒಂದು ಸಮತಟ್ಟು. ಅದನ್ನು ಮೂಲೆಯಲ್ಲಿ ಬಚ್ಚಿಡದೆ ಎಲ್ಲರೂ ನಡೆಯುವ ಮುಖ್ಯ ಹಾದಿಯನ್ನೇ ಇಳಿಜಾರು ಮಾಡಿದಳು. ಕಟ್ಟೆಯನ್ನೂ ಬರೆದಳು. ಈ ಸಲ ಅಡ್ಡಗೆರೆ ಬರಲಿಲ್ಲ.

ಅವಳು ಪದವಿ ಪಡೆದು ಕೆಲಸಕ್ಕೆ ಹೋದಳು. ಅವಳ ಸಂಗ್ರಹಾಲಯ ಕಾಗದದ ಮೇಲೆಯೇ ಇದೆ. ಆದರೆ ಆ ಕಾಗದ ನಮ್ಮ ಮನೆಯಿಂದ ಹೋದರೂ ಆ ಯಕಾರ ನನ್ನ ತಲೆಯಿಂದ ಹೋಗಲಿಲ್ಲ.

ಅದೇ ವರ್ಷ ನಮ್ಮ ಶಾಲೆಯ ಹಳೆಯ ಬ್ಲಾಕನ್ನು ಕೆಡವುವ ಮಾತು ಬಂತು. ನಾಲ್ಕು ಕೋಣೆ, ಮಂಗಳೂರು ಹೆಂಚು, ಎರಡಡಿ ದಪ್ಪದ ಗೋಡೆ. ನಮ್ಮೂರಿನ ಹೆಣ್ಣುಮಕ್ಕಳು ಮೊದಲು ಅಕ್ಷರ ಕಲಿತದ್ದು ಅಲ್ಲಿ. ಈಗ ಅದರಲ್ಲಿ ಗ್ರಂಥಾಲಯವಿತ್ತು, ಹಳೆಯ ದಾಖಲೆಗಳಿದ್ದವು. ದಾನಿಯೊಬ್ಬರು ಮುಂದೆ ಬಂದಿದ್ದರು. ಅದೇ ಜಾಗದಲ್ಲಿ ಹೊಸದು ಕಟ್ಟಬೇಕು, ಹೆಸರಿನ ಕಲ್ಲು ಹಾಕಬೇಕು. ಕೆಡವಬೇಕೆಂದವರ ಮಾತಿನಲ್ಲೂ ಸತ್ಯವಿತ್ತು. ನನ್ನ ತರಗತಿಯಲ್ಲಿ ಹುಟ್ಟಿನಿಂದ ಕಾಲಿನ ಶಕ್ತಿಯಿಲ್ಲದ, ಗಾಲಿಕುರ್ಚಿಯಲ್ಲಿ ಬರುವ ಹುಡುಗಿಯೊಬ್ಬಳಿದ್ದಳು. ಹೊಸ ಕಟ್ಟಡದ ನೆಲಮಹಡಿಗೆ ಅವಳು ತಾನೇ ಬರುತ್ತಿದ್ದಳು. ಹಳೆಯ ಬ್ಲಾಕಿಗೆ ಮೂರು ಮೆಟ್ಟಿಲು. ಗ್ರಂಥಾಲಯದ ಪೀರಿಯಡ್ಡಿನಲ್ಲಿ ಗೆಳತಿಯರು ಎತ್ತಿಕೊಂಡು ಹೋಗುತ್ತೇವೆಂದರೆ ಅವಳು ಒಪ್ಪುತ್ತಿರಲಿಲ್ಲ. "ನಂಗೆ ಓದೋದಿದೆ ಮಿಸ್, ನೀವು ಹೋಗ್ಬನ್ನಿ" ಎಂದು ಬೇವಿನ ಮರದಡಿ ಕೂತಿರುತ್ತಿದ್ದಳು. ಯಾವ ಪುಸ್ತಕ ಬೇಕೆಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದಳು. ಕಪಾಟಿನ ಮುಂದೆ ನಿಂತು ಆರಿಸುವ ಸುಖ ಅವಳಿಗಿರಲಿಲ್ಲ. ಅವಳ ಎದುರು ನಿಂತು ಪರಂಪರೆ, ಇತಿಹಾಸ ಎಂದು ಭಾಷಣ ಮಾಡಲು ಯಾರಿಗೆ ಬಾಯಿ ಬರುತ್ತದೆ? ಹಳೆಯದು ಉಳಿಯಬೇಕಾದರೆ ಅದು ಅವಳನ್ನೂ ಒಳಗೆ ಬಿಟ್ಟುಕೊಳ್ಳಬೇಕು.

ಸಮಿತಿಯ ಸಭೆಯಲ್ಲಿ ನಾನು ಹೇಳಿದ್ದು ಇಷ್ಟೇ. ಹೊಸ ಕೋಣೆಗಳನ್ನು ಹಿಂದಿನ ಬಯಲಿನಲ್ಲಿ ಕಟ್ಟಿ, ದಾನಿಗಳ ಕಲ್ಲು ಅಲ್ಲಿಯೇ ಇರಲಿ. ಹಳೆಯದಕ್ಕೂ ಹೊಸದಕ್ಕೂ ನಡುವೆ ಸೂರು ಹೊದಿಸಿದ ಒಂದು ಹಾದಿ ಬರಲಿ. ಒಂದೂವರೆ ಅಡಿ ಎತ್ತರಕ್ಕೆ ಹದಿನೆಂಟಡಿ ಇಳಿಜಾರು ಸಾಕು. ಗೋಡೆಗೆ ಕಚ್ಚಿಸಬೇಡಿ, ಸಂದು ಬಿಡಿ. "ಮೇಡಂ ಹಳೇ ಬ್ಲಾಕನ್ನ ಮ್ಯೂಸಿಯಂ ಮಾಡ್ತಾರಂತೆ" ಎಂದು ಒಬ್ಬರು ನಕ್ಕರು. "ಹೌದು, ಮಾಡೋಣ" ಎಂದೆ. ಎರಡು ಸಭೆಗಳಲ್ಲಿ ಏನೂ ತೀರ್ಮಾನವಾಗಲಿಲ್ಲ. ಮೂರನೆಯದಕ್ಕೆ ಎಂಜಿನಿಯರ್ ಬಂದು, ಜಂತಿಗಳಲ್ಲಿ ನಾಲ್ಕನ್ನು ಬದಲಾಯಿಸಬೇಕು, ಗೋಡೆ ಗಟ್ಟಿಯಿದೆ ಎಂದರು. ದಾನಿಗಳ ಮನೆಯಾಕೆ ಅಲ್ಲಿಯೇ ಓದಿದವರಂತೆ; ಅವರು ಮನೆಯಲ್ಲಿ ಏನು ಹೇಳಿದರೋ, ನಕ್ಷೆ ಬದಲಾಯಿತು.

ಕೆಲಸ ಮುಗಿಯುವಷ್ಟರಲ್ಲಿ ಒಂದೂವರೆ ವರ್ಷ ಹಿಡಿಯಿತು. ಆ ಹುಡುಗಿಯ ಎಸ್ಸೆಸ್ಸೆಲ್ಸಿ ಮುಗಿದೇ ಹೋಗಿತ್ತು. ಅಂಕಪಟ್ಟಿ ತೆಗೆದುಕೊಳ್ಳಲು ಬಂದವಳು ಇಳಿಜಾರನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಯಾರ ಕೈಯನ್ನೂ ತಾಕಿಸಿಕೊಳ್ಳದೆ ತಾನೇ ಚಕ್ರ ತಿರುಗಿಸಿಕೊಂಡು ಏರಿ ಹೋದಳು. ಒಂದು ಕೋಣೆಯಲ್ಲಿ ನಾವು ಹಳೆಯ ವಸ್ತುಗಳನ್ನು ಜೋಡಿಸಿದ್ದೆವು: ಹಿತ್ತಾಳೆಯ ಗಂಟೆ, ಮಸಿಕುಡಿಕೆ, ಬಟ್ಟೆಗೆ ಅಂಟಿಸಿದ ಭೂಪಟ, ದಾಖಲಾತಿಯ ಪುಸ್ತಕಗಳು. ಕಿಟಕಿಯ ಬಿಸಿಲು ಬೀಳದ ಮೂಲೆಯಲ್ಲಿ ಪುಸ್ತಕಗಳನ್ನು ಇಟ್ಟಿದ್ದೆ. ಅವಳು ನನ್ನನ್ನು ಕೇಳಿ ಅವುಗಳಲ್ಲಿ ಒಂದನ್ನು ತೊಡೆಯ ಮೇಲಿಟ್ಟುಕೊಂಡು ಹಾಳೆ ತಿರುವಿದಳು. ಐವತ್ತರ ದಶಕದ್ದೊಂದು ಪುಟದಲ್ಲಿ ಬೆರಳು ನಿಂತಿತು. "ಇದು ನಮ್ಮಜ್ಜಿ ಮಿಸ್. ನಾಲ್ಕನೇ ಕ್ಲಾಸಿಗೆ ಬಿಡಿಸಿದ್ರಂತೆ." ಆ ಹೆಸರಿನ ಎದುರು, ಶಾಲೆ ಬಿಟ್ಟ ಕಾರಣದ ಅಂಕಣದಲ್ಲಿ, ಒಂದು ಸಣ್ಣ ಅಡ್ಡಗೀಟು ಮಾತ್ರ ಇತ್ತು.

ಅವಳೀಗ ಪಿಯುಸಿ ಓದುತ್ತಿದ್ದಾಳೆ. ನಡುವಿನ ಹಾದಿಗೆ ನಾವು ಎರಡೂ ಬದಿ ಕಟ್ಟೆ ಹಾಕಿಸಿದ್ದೆವು. ಮಧ್ಯಾಹ್ನ ಊಟದ ಹೊತ್ತಿಗೆ ಅಲ್ಲಿ ಜಾಗ ಸಿಗುವುದಿಲ್ಲ. ಸಮಿತಿಯವರು ಅದಕ್ಕೆ ದೊಡ್ಡದೊಂದು ಹೆಸರಿಟ್ಟು ಬೋರ್ಡು ಬರೆಸಿದರು. ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಬುತ್ತಿ ಹಿಡಿದ ಹುಡುಗಿಯರು ಒಬ್ಬರಿಗೊಬ್ಬರು ಕೂಗಿಕೊಳ್ಳುವುದು ನನ್ನ ತರಗತಿಗೂ ಕೇಳುತ್ತದೆ: "ಸಂದಲ್ಲಿ ಇರ್ತೀನಿ, ಬೇಗ ಬಾರೇ!"